ಬಾಯಿಯೊಳಗಿನ ಲೋಹ: ಒಂದು ಶತಮಾನದ ಹುಡುಕಾಟ

ನಮ್ಮ ಪ್ರಯೋಗಾಲಯದಲ್ಲಿ ಮಕ್ಕಳು ಪ್ರತಿವರ್ಷ ಲಿಂಬೆಹಣ್ಣಿಗೆ ಒಂದು ತಾಮ್ರದ ತಗಡನ್ನೂ ಒಂದು ಸತುವಿನ ತಗಡನ್ನೂ ಚುಚ್ಚಿ, ಮಾಪಕದ ಮುಳ್ಳು ಅಲುಗುವುದನ್ನು ಕಂಡು ಸಂಭ್ರಮಿಸುತ್ತಾರೆ. ಎರಡು ಬೇರೆ ಬೇರೆ ಲೋಹ, ನಡುವೆ ಹುಳಿರಸ. ಇಷ್ಟಿದ್ದರೆ ವಿದ್ಯುತ್ತು ಹರಿಯುತ್ತದೆ, ಒಂದು ಲೋಹ ಮೆಲ್ಲನೆ ಕರಗತೊಡಗುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಟೀಚರ್, ನನ್ನ ಅಜ್ಜಿಗೆ ಒಂದು ಚಿನ್ನದ ಹಲ್ಲು ಉಂಟು, ಇನ್ನೊಂದಕ್ಕೆ ಬೆಳ್ಳಿ ತುಂಬಿಸಿದ್ದಾರೆ. ಅಜ್ಜಿಯ ಬಾಯಲ್ಲೂ ಕರೆಂಟ್ ಬರುತ್ತದಾ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಾಗಿರಲಿಲ್ಲ. ಲಾಲಾರಸವೂ ಉಪ್ಪುನೀರೇ. ಆ ಎರಡು ಹಲ್ಲುಗಳು ತಾಗಿದಾಗ ಕ್ಷಣಮಾತ್ರ ವಿದ್ಯುತ್ತು ಹರಿದು ಹಲ್ಲು ಜುಮ್ಮೆನ್ನುವುದುಂಟು. ಬಾಯಿಗೆ ಲೋಹದ ರುಚಿ ಬರುವುದೂ ಉಂಟು. ದೇಹದ ಒಳಗೆ ಸದ್ದಿಲ್ಲದೆ ಕುಳಿತಿರಬಲ್ಲ ಲೋಹ ಯಾವುದು ಎಂಬ ಹುಡುಕಾಟದ ಬಹುಭಾಗ ನಡೆದದ್ದು ನಮ್ಮ ಶಾಲೆಯ ಆಯುಸ್ಸಿನಷ್ಟೇ ಅವಧಿಯಲ್ಲಿ. ಆದಕಾರಣ ಈ ಸಂಚಿಕೆಯಲ್ಲಿ ಆ ಚರಿತ್ರೆಯನ್ನು ಬರೆಯಲು ಮನಸ್ಸು ಮಾಡಿದೆವು.

ನಾವು ಬೆಳ್ಳಿ ಎಂದು ಕರೆಯುವ ಆ ತುಂಬುವಸ್ತು ವಾಸ್ತವದಲ್ಲಿ ಅಮಾಲ್ಗಮ್. ಅದರ ಅರ್ಧದಷ್ಟು ಪಾದರಸ. ಚೀನದ ತಾಂಗ್ ಅರಸರ ಕಾಲದಲ್ಲಿ, ಕ್ರಿ.ಶ. 659ರ ಔಷಧಗ್ರಂಥದಲ್ಲೇ ಇಂತಹ ಬೆಳ್ಳಿಯ ಲೇಪದ ಉಲ್ಲೇಖವಿದೆ. ಪಾಶ್ಚಾತ್ಯ ದೇಶಗಳಲ್ಲಿ ಅದರ ಪ್ರವೇಶ ಗೌರವದಿಂದ ಆಗಲಿಲ್ಲ. 1833ರಲ್ಲಿ ಕ್ರಾಕೋರ್ ಸಹೋದರರು ನ್ಯೂಯಾರ್ಕಿಗೆ ಬಂದು, ಚಿನ್ನಕ್ಕೆ ಬದಲಿ ಎಂಬ ಆಡಂಬರದ ಹೆಸರಿನಿಂದ ಇದನ್ನು ಮಾರಿದರು. ಅವರ ಕೆಲಸ ಹಲ್ಲಿನ ಹುಳುಕನ್ನು ಸರಿಯಾಗಿ ತೆಗೆಯದೆಯೇ ತುಂಬುವಂಥದ್ದು. ದಂತವೈದ್ಯರು ಕೆರಳಿದರು. 1845ರಲ್ಲಿ ಅಮೆರಿಕದ ದಂತಚಿಕಿತ್ಸಕರ ಸಂಘವು, ಅಮಾಲ್ಗಮ್ ಬಳಸುವುದಿಲ್ಲವೆಂದು ಸದಸ್ಯರಿಂದ ಪ್ರತಿಜ್ಞೆ ಬರೆಸಿಕೊಳ್ಳಲು ಮುಂದಾಯಿತು. ಆ ಜಗಳ ಸಂಘವನ್ನೇ ಒಡೆಯಿತು. 1856ರಲ್ಲಿ ಅದು ಮುಚ್ಚಿಹೋಯಿತು. ವಾದದಿಂದ ಇತ್ಯರ್ಥವಾಗದ್ದನ್ನು ಅಳತೆಯಿಂದ ಎದುರಿಸಿದವರು ಜಿ.ವಿ. ಬ್ಲ್ಯಾಕ್. ಅವರು 1890ರ ದಶಕದಲ್ಲಿ ಮಿಶ್ರಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಪುಡಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬೆಳ್ಳಿ, ಕಾಲು ಪಾಲಿನಷ್ಟು ತವರ ಇದ್ದರೆ ತುಂಬಿಸಿದ್ದು ಅತಿಯಾಗಿ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ ಎಂದು ಕಂಡುಕೊಂಡರು. ಆದರೂ ತವರ ಮತ್ತು ಪಾದರಸ ಸೇರಿ ಆಗುವ ಭಾಗ ದುರ್ಬಲವಾಗಿಯೇ ಉಳಿಯಿತು. ತುಕ್ಕು ಮೊದಲು ಹಿಡಿಯುತ್ತಿದ್ದುದು ಅಲ್ಲಿಗೇ. 1963ರಲ್ಲಿ ಕೆನಡಾದ ಇನ್ನೆಸ್ ಮತ್ತು ಯೂಡೆಲಿಸ್ ತಾಮ್ರದ ಪ್ರಮಾಣವನ್ನು ಹೆಚ್ಚಿಸಿದ ಮೇಲೆಯೇ ಆ ಕೊರತೆ ನೀಗಿತು.

ಚಿನ್ನದ ಕಥೆ ಚಿಕ್ಕದು. ಅದು ಕಿಲುಬುವುದಿಲ್ಲ, ಆದರೆ ಶುದ್ಧ ಚಿನ್ನ ಅಗಿಯಲು ತೀರ ಮೆತ್ತಗೆ. ಆದ್ದರಿಂದ ತಾಮ್ರ, ಬೆಳ್ಳಿ, ಪ್ಲಾಟಿನಂ ಬೆರೆಸಬೇಕು. 1907ರಲ್ಲಿ ವಿಲಿಯಂ ಟ್ಯಾಗರ್ಟ್, ಹಲ್ಲಿನ ಗುಳಿಯ ಆಕಾರವನ್ನು ಮೇಣದಲ್ಲಿ ತೆಗೆದು, ಮೇಣವನ್ನು ಕರಗಿಸಿ, ಆ ಜಾಗಕ್ಕೆ ಚಿನ್ನವನ್ನು ಎರೆಯುವ ವಿಧಾನವನ್ನು ದಂತವೈದ್ಯರಿಗೆ ತೋರಿಸಿಕೊಟ್ಟರು. ವಿಗ್ರಹಗಳಿಗಾಗಿ ಇದೇ ವಿಧಾನವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ ಎಂಬುದನ್ನು ನಾವು ಇಲ್ಲಿ ಸೇರಿಸದೆ ಇರಲಾರೆವು.

ಮುಂದಿನ ಹೆಜ್ಜೆಯನ್ನು ಇಟ್ಟದ್ದು ಕೋಬಾಲ್ಟ್ ಮತ್ತು ಕ್ರೋಮಿಯಂ. ಈ ಜೋಡಿಯ ಮಿಶ್ರಲೋಹಗಳನ್ನು ಎಲ್‌ವುಡ್ ಹೇನ್ಸ್ 1907ರಲ್ಲೇ ಪೇಟೆಂಟ್ ಮಾಡಿಸಿದ್ದರು. 1930ರ ದಶಕದಲ್ಲಿ ‘ವೈಟಾಲಿಯಂ’ ಎಂಬ ಹೆಸರಿನಿಂದ ಅದು ಕೃತಕ ಹಲ್ಲಿನ ಚೌಕಟ್ಟಾಗಿ ಬಳಕೆಗೆ ಬಂತು. 1937ರಲ್ಲಿ ವೆನಬಲ್ ಮತ್ತು ಸ್ಟಕ್ ಎಂಬ ವೈದ್ಯರು, ಬೇರೆ ಬೇರೆ ಲೋಹಗಳನ್ನು ನಾಯಿಗಳ ಎಲುಬಿನಲ್ಲಿ ಕೂರಿಸಿ ಪರೀಕ್ಷಿಸಿದರು. ಲೋಹಗಳ ನಡುವಣ ವಿದ್ಯುತ್ತೇ ಎಲುಬನ್ನು ಕೆಡಿಸುತ್ತದೆ, ವೈಟಾಲಿಯಂ ಮಾತ್ರ ತಟಸ್ಥವಾಗಿರುತ್ತದೆ ಎಂಬುದು ಅವರ ನಿರ್ಣಯ. ನಮ್ಮ ಲಿಂಬೆಯ ಪಾಠವೇ ಅದು! ಮರುವರ್ಷ ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಸ್ಮಿತ್-ಪೀಟರ್ಸನ್ ಸೊಂಟದ ಕೀಲಿಗೆ ಇದೇ ಲೋಹದ ಬಟ್ಟಲನ್ನು ಕೂರಿಸಿದರು. ಈ ಲೋಹವನ್ನು ಅವರಿಗೆ ಸೂಚಿಸಿದವರು ಅವರದೇ ದಂತವೈದ್ಯರು. ಇಂದು ಸೊಂಟ ಬದಲಿಸಿಕೊಂಡು ನಡೆದಾಡುವ ನಮ್ಮ ಹಿರಿಯರು ಹಲ್ಲಿನ ವೈದ್ಯರಿಗೂ ಸ್ವಲ್ಪ ಋಣಿಗಳು.

1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪಾದ್ರಿ ವಿಲಿಯಂ ಗ್ರೆಗರ್, ಹೊಳೆಯ ಕರಿಮರಳಿನಲ್ಲಿ ಒಂದು ಹೊಸ ಲೋಹದ ಸುಳಿವು ಕಂಡರು. ಅದೇ ಟೈಟಾನಿಯಂ. ನಮ್ಮ ರಾಜ್ಯದ ತೆಂಕಣ ತುದಿಗೆ, ಕೊಲ್ಲಂ ಬಳಿಯ ಚವರದ ಕಡಲತೀರಕ್ಕೆ ಹೋದವರು ಇಲ್ಮನೈಟ್ ತುಂಬಿದ ಅಂತಹ ಮರಳನ್ನೇ ತುಳಿದಿರುತ್ತಾರೆ. ಅದಿರಿನಿಂದ ಲೋಹವನ್ನು ಬೇರ್ಪಡಿಸುವುದು ಬಹುಕಾಲ ಕಷ್ಟವೇ ಆಗಿತ್ತು. 1940ರ ಹೊತ್ತಿಗೆ ವಿಲಿಯಂ ಕ್ರಾಲ್ ಆ ದಾರಿಯನ್ನು ಸುಗಮಗೊಳಿಸಿದರು. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಲುಬಿನ ರಕ್ತಚಲನೆಯನ್ನು ನೋಡಲು ಮೊಲದ ಕಾಲಿಗೆ ಟೈಟಾನಿಯಂ ಕೊಳವೆ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದು ಹೊರಬರಲೇ ಇಲ್ಲ, ಎಲುಬು ಅದನ್ನು ತನ್ನದಾಗಿಸಿಕೊಂಡಿತ್ತು. ಬೇರೊಬ್ಬರಾಗಿದ್ದರೆ ಉಪಕರಣ ಕೆಟ್ಟಿತೆಂದು ಗೊಣಗುತ್ತಿದ್ದರೇನೋ. ಅವರು 13 ವರ್ಷ ಕಾದು, 1965ರಲ್ಲಿ ದವಡೆಯ ದೋಷವಿದ್ದ ಒಬ್ಬ ರೋಗಿಗೆ ಟೈಟಾನಿಯಂ ಬೇರುಗಳನ್ನು ಕೂರಿಸಿದರು. ಆತ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡುತ್ತಿದ್ದವು. ವೈದ್ಯಲೋಕ ಇದನ್ನು ವ್ಯಾಪಕವಾಗಿ ಒಪ್ಪಿದ್ದು ಮಾತ್ರ 1982ರ ಟೊರೊಂಟೊ ಸಮ್ಮೇಳನದ ಬಳಿಕ.

ಟೈಟಾನಿಯಂ ಬಲದಿಂದಷ್ಟೇ ಗೆದ್ದದ್ದಲ್ಲ. ಗಾಳಿ ತಾಗಿದೊಡನೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆ ಮೂಡುತ್ತದೆ. ಗೀರಿದರೆ ಮತ್ತೆ ಮೂಡುತ್ತದೆ. ಆ ಪೊರೆ ಒಳಗಿನ ಲೋಹವನ್ನು ಲಾಲಾರಸದಿಂದ ಕಾಯುತ್ತದೆ. ಜೊತೆಗೆ ಅದರ ಬಿಗುವು ಕೋಬಾಲ್ಟ್-ಕ್ರೋಮಿಯಂನ ಅರ್ಧದಷ್ಟು ಮಾತ್ರ. ಎಲುಬು ಇನ್ನೂ ಮೃದು. ಲೋಹ ತೀರ ಬಿಗಿಯಾಗಿ ಭಾರವನ್ನೆಲ್ಲ ತಾನೇ ಹೊತ್ತರೆ, ಕೆಲಸವಿಲ್ಲದ ಎಲುಬು ಸವೆಯುತ್ತದೆ.

ಅಮಾಲ್ಗಮ್‌ನ ಕಾಲ ಈಗ ಮುಗಿಯುತ್ತಾ ಬಂದಿದೆ. ಪಾದರಸದ ಕುರಿತ 2013ರ ಮಿನಮಾಟ ಒಪ್ಪಂದ ಅದರ ಬಳಕೆಯನ್ನು ತಗ್ಗಿಸಲು ಹೇಳಿತು. ಯುರೋಪಿನ ಒಕ್ಕೂಟ 2025ರ ಆರಂಭದಿಂದ, ವಿಶೇಷ ವೈದ್ಯಕೀಯ ಅಗತ್ಯದ ಹೊರತು, ಅದನ್ನು ನಿಲ್ಲಿಸಿತು. ಇದನ್ನು ಕೇಳಿದ ಕೆಲವು ಹೆತ್ತವರು, ಹಳೆಯ ತುಂಬುವಿಕೆಯನ್ನು ಕೂಡಲೇ ಕೀಳಿಸಬೇಕೇ ಎಂದು ನಮ್ಮಲ್ಲಿ ವಿಚಾರಿಸಿದ್ದಾರೆ. ಗಟ್ಟಿಯಾಗಿರುವುದನ್ನು ಸುಮ್ಮನೆ ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಡುವುದು. ನಮ್ಮ ಎಡದವಡೆಯಲ್ಲೂ ಕಾಲೇಜಿನ ದಿನಗಳಲ್ಲಿ ತುಂಬಿಸಿದ ಬೂದುಬಣ್ಣದ ಹಲ್ಲೊಂದಿದೆ. ಕಳೆದ ಬೇಸಗೆ ರಜೆಯಲ್ಲಿ ತೋರಿಸಿದಾಗ ವೈದ್ಯೆ ಕನ್ನಡಿ ಹಿಡಿದು ನೋಡಿ, ಬಿರುಕಿಲ್ಲ, ಹಾಗೆಯೇ ಇರಲಿ ಎಂದರು.