ಬಲಗಡೆಯವರಿಗೆ ದಾರಿ

ಲಂಡನ್ ನಗರದಲ್ಲಿ ರಸ್ತೆ ದಾಟುವ ಎಷ್ಟೋ ಕಡೆಗಳಲ್ಲಿ ನೆಲದ ಮೇಲೆಯೇ ದಪ್ಪನೆಯ ಬಿಳಿಯ ಅಕ್ಷರಗಳಲ್ಲಿ ‘ಬಲಕ್ಕೆ ನೋಡಿ’ ಎಂದು ಬರೆದಿರುತ್ತಾರೆ. ಕೆಲವು ವರ್ಷಗಳ ಹಿಂದೆ, ಅಲ್ಲಿ ಕೆಲಸದಲ್ಲಿದ್ದ ನನ್ನ ತಮ್ಮನ ಮನೆಗೆ ಹೋಗಿದ್ದಾಗ, ಇದನ್ನು ಕಂಡು ನನಗೆ ನಗು ಬಂದಿತು. ಬೆಂಗಳೂರಿನ ರಸ್ತೆಗಳನ್ನು ಹುಟ್ಟಿದಾಗಿನಿಂದ ದಾಟಿ ಬದುಕಿರುವವನಿಗೆ ಈ ಪಾಠ ಬೇಕೆ ಎಂದು ಕೇಳಿದೆ. “ಅದು ನಿನಗಲ್ಲ ಅಣ್ಣ, ಕಡಲಾಚೆಯಿಂದ ಬರುವವರಿಗೆ” ಎಂದ ತಮ್ಮ.

ನಾಲ್ಕು ದಿನ ಕಳೆದು ಪ್ಯಾರಿಸ್ಸಿಗೆ ಹೋದೆವು. ಅಲ್ಲಿ ಒಂದು ಸಂಜೆ ರಸ್ತೆಯ ಅಂಚಿನಲ್ಲಿ ನಿಂತು, ಅಭ್ಯಾಸದಂತೆ ಬಲಕ್ಕೆ ನೋಡಿದೆ. ಏನೂ ಬರುತ್ತಿರಲಿಲ್ಲ. ನಿಶ್ಚಿಂತೆಯಿಂದ ಹೆಜ್ಜೆ ಕೆಳಗಿಟ್ಟೆ. ಅದೇ ಕ್ಷಣದಲ್ಲಿ ಯಾರೋ ನನ್ನ ಕೋಟಿನ ತೋಳನ್ನು ಹಿಡಿದು ಹಿಂದಕ್ಕೆ ಜಗ್ಗಿದರು. ಎಡಗಡೆಯಿಂದ ಬಂದ ವ್ಯಾನೊಂದು ನನ್ನ ಮುಂದೆಯೇ ಭರ್ರೆಂದು ಹಾದುಹೋಯಿತು. ತಿರುಗಿ ನೋಡಿದರೆ ತರಕಾರಿ ಚೀಲ ಹಿಡಿದ ಒಬ್ಬ ಮುದುಕಿ. ಆಕೆ ಏನೋ ಅಂದಳು; ನನಗೆ ತಿಳಿಯಲಿಲ್ಲ. ಬೈದಿರಬೇಕು.

ಆ ರಾತ್ರಿ ನನ್ನನ್ನು ಕಾಡಿದ ಯೋಚನೆ ಇದು: ನಾನು ಅಜಾಗರೂಕನಾಗಿರಲಿಲ್ಲ. ನಿಂತಿದ್ದೆ, ನೋಡಿದ್ದೆ. ಇಂಗ್ಲೆಂಡಿನಲ್ಲಿ ನನ್ನನ್ನು ಕಾಯುತ್ತಿದ್ದ ಅಭ್ಯಾಸವೇ ಸುಮಾರು 33 ಕಿಲೊಮೀಟರ್ ಅಗಲದ ಒಂದು ಜಲಸಂಧಿಯನ್ನು ದಾಟಿದೊಡನೆ ನನ್ನನ್ನು ಕೊಲ್ಲಲು ಹೊರಟಿತ್ತು. ಹೀಗೇಕೆ ಎಂದು ಹುಡುಕುತ್ತ ಹೋದವನಿಗೆ ದೊರೆತ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಆಂಗ್ಲರು ಎಡಗಡೆ ನಡೆಯುವುದಕ್ಕೆ ಕುದುರೆ ಸವಾರರ ಕಥೆಯೊಂದನ್ನು ಹೇಳುವುದುಂಟು. ಎದುರಿಗೆ ಬರುವ ಅಪರಿಚಿತನು ಕತ್ತಿ ಹಿಡಿಯುವ ಬಲಗೈಯ ಕಡೆಗೇ ಇರಲೆಂದು ಸವಾರನು ಎಡಕ್ಕೆ ಸರಿಯುತ್ತಿದ್ದನಂತೆ. ಫ್ರೆಂಚರದು ಬಂಡಿಯ ಕಥೆ. ಜೋಡಿ ಕುದುರೆಗಳಲ್ಲಿ ಎಡಗಡೆಯದರ ಮೇಲೆ ಕುಳಿತು ಓಡಿಸುವವನಿಗೆ, ಎದುರು ಬಂಡಿ ತನ್ನ ಎಡಗಡೆ ಹಾದುಹೋದರೆ ಗಾಲಿಗೆ ಗಾಲಿ ತಾಗದಂತೆ ನೋಡಿಕೊಳ್ಳುವುದು ಸುಲಭ. ಕಥೆಗಳು ರಂಜಕವಾಗಿವೆ. ಆದರೆ ಲಂಡನ್ನಿನ ದಾಖಲೆಗಳಲ್ಲಿ ನಮಗೆ ಎದುರಾಗುವುದು ಕತ್ತಿಯಲ್ಲ, ಇಕ್ಕಟ್ಟಾದ ಒಂದು ಸೇತುವೆ. ಇಕ್ಕೆಲಗಳಲ್ಲೂ ಮನೆ ಅಂಗಡಿಗಳನ್ನು ಹೊತ್ತಿದ್ದ ಲಂಡನ್ ಸೇತುವೆಯ ಮೇಲೆ ಬಂಡಿಗಳು ಸಿಕ್ಕಿಕೊಂಡು ನಿಲ್ಲುತ್ತಿದ್ದವು. 1722ರಲ್ಲಿ ನಗರದ ಮೇಯರು, ಊರಿನೊಳಗೆ ಬರುವ ಬಂಡಿಗಳು ಪಶ್ಚಿಮದ ಬದಿಯಲ್ಲಿ, ಎಂದರೆ ತಮ್ಮ ಎಡಕ್ಕೆ, ಹೊರಗೆ ಹೋಗುವವು ಪೂರ್ವದ ಬದಿಯಲ್ಲಿ ಸಾಗಬೇಕೆಂದು ಆಜ್ಞೆ ಮಾಡಿದನು. 1835ರ ಹೆದ್ದಾರಿ ಕಾಯಿದೆಯು ಎಡಗಡೆಯ ನಡೆಯನ್ನು ಇಂಗ್ಲೆಂಡಿನ ರಸ್ತೆಗಳಿಗೆಲ್ಲ ಕಡ್ಡಾಯ ಮಾಡಿತು.

ಎಡ ಬಲಗಳಲ್ಲಿ ಜನಾಂಗದ ಸ್ವಭಾವವೇನೂ ಅಡಗಿಲ್ಲ ಎಂಬುದಕ್ಕೆ ಫ್ರಾನ್ಸಿನ ರೈಲುಗಳೇ ಸಾಕ್ಷಿ. ಬಲಗಡೆ ಮೋಟಾರು ಓಡಿಸುವ ಆ ದೇಶದಲ್ಲಿ ರೈಲುಗಳು ಮಾತ್ರ ಎಡಗಡೆಯ ಹಳಿಯಲ್ಲಿ ಓಡುತ್ತವೆ. 1843ರಲ್ಲಿ ತೆರೆದ ಪ್ಯಾರಿಸ್–ರುವಾನ್ ಮಾರ್ಗವೇ ಮೊದಲಾಗಿ ಅಲ್ಲಿನ ಆರಂಭದ ಹಳಿಗಳನ್ನು ಹಾಕುವುದರಲ್ಲಿ ಆಂಗ್ಲ ಎಂಜಿನಿಯರುಗಳ ಕೈ ದೊಡ್ಡದಿತ್ತು. ಆಲ್ಸೇಸ್ ಪ್ರಾಂತದಲ್ಲಿ ಮಾತ್ರ ರೈಲುಗಳು ಬಲಗಡೆ ಓಡುತ್ತವೆ. 1871ರಿಂದ 1918ರ ವರೆಗೆ ಅದು ಜರ್ಮನರ ಕೈಯಲ್ಲಿತ್ತು. ಆಳಿದವರು ಹೋದರೂ ಹಳಿಯ ಅಭ್ಯಾಸ ಹೋಗಲಿಲ್ಲ. ಇದು ನಮಗೂ ತಿಳಿದ ಸಂಗತಿಯೇ. ನಾವು ಎಡಗಡೆ ನಡೆಯುವುದೂ ಆಂಗ್ಲರ ಆಳಿಕೆಯ ಉಳಿಕೆ.

ಚಾಲಕನನ್ನು ನಂಬುವ ವಿಷಯದಲ್ಲಿಯೂ ಎರಡು ದೇಶಗಳ ನಡೆ ಬೇರೆ ಬೇರೆಯಾಗಿತ್ತು. ಇಂಗ್ಲೆಂಡಿನ 1865ರ ಕಾಯಿದೆಯಂತೆ, ಕುದುರೆಯಿಲ್ಲದೆ ಯಂತ್ರಬಲದಿಂದ ಚಲಿಸುವ ಬಂಡಿಯ ಮುಂದೆ 60 ಗಜ ದೂರದಲ್ಲಿ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ವೇಗದ ಮಿತಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ. ಬಾವುಟದ ಕಟ್ಟಳೆ 1878ರಲ್ಲಿ ಸಡಿಲಿತು. ಆದರೂ ನಡಿಗೆಯ ವೇಗಕ್ಕೆ ಬಂಡಿಯನ್ನು ಕಟ್ಟಿಹಾಕಿದ್ದ ನಿಯಮ 1896ರ ವರೆಗೆ ಉಳಿಯಿತು. ಅಷ್ಟರೊಳಗೆ, 1894ರಲ್ಲಿಯೇ, ಪ್ಯಾರಿಸ್ಸಿನ ಪತ್ರಿಕೆಯೊಂದು ರುವಾನ್ ನಗರದ ವರೆಗೆ ಮೋಟಾರು ಬಂಡಿಗಳ ಪಂದ್ಯವನ್ನು ಏರ್ಪಡಿಸಿತ್ತು. ಆದರೆ ಫ್ರೆಂಚರು ಬಂಡಿಗೆ ಸ್ವಾತಂತ್ರ್ಯ ಕೊಟ್ಟು ಚಾಲಕನನ್ನು ಪರೀಕ್ಷಿಸಿದರು: ಓಡಿಸುವವನಿಗೆ ಅರ್ಹತಾ ಪತ್ರ ಬೇಕೆಂದು ಪ್ಯಾರಿಸ್ಸಿನ ಪೋಲೀಸರು 1893ರಲ್ಲಿಯೇ ವಿಧಿಸಿದ್ದರು. ಇಂಗ್ಲೆಂಡಿನಲ್ಲಾದರೋ 1903ರ ಕಾಯಿದೆಯಂತೆ 5 ಷಿಲಿಂಗ್ ಕೊಟ್ಟವನಿಗೆ ಲೈಸೆನ್ಸು ಸಿಗುತ್ತಿತ್ತು, ಪರೀಕ್ಷೆಯ ಮಾತೇ ಇರಲಿಲ್ಲ. ಸಭ್ಯ ಮನುಷ್ಯನು ಸಭ್ಯವಾಗಿಯೇ ಓಡಿಸುತ್ತಾನೆಂಬ ನಂಬಿಕೆ. 1930ರಲ್ಲಿ ಕಾರುಗಳಿಗಿದ್ದ ವೇಗದ ಮಿತಿಯನ್ನೂ ತೆಗೆದುಹಾಕಿದರು. 1934ರ ಒಂದೇ ವರ್ಷದಲ್ಲಿ ಬ್ರಿಟನ್ನಿನ ರಸ್ತೆಗಳ ಮೇಲೆ 7,343 ಮಂದಿ ಸತ್ತರು. ಮರುವರ್ಷ ಊರೊಳಗಿನ ರಸ್ತೆಗಳಿಗೆ 30 ಮೈಲಿಯ ಮಿತಿಯೂ ಹೊಸ ಚಾಲಕರಿಗೆ ಪರೀಕ್ಷೆಯೂ ಬಂದವು. ಸಭ್ಯತೆಯ ಮೇಲಿನ ನಂಬಿಕೆಗೆ ತೆತ್ತ ಬೆಲೆ ಅದು.

ಇನ್ನು ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಒಂದು ವಾಕ್ಯ. ‘ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ.’ ಈ ವಾಕ್ಯ ಎರಡು ದೇಶಗಳಲ್ಲಿಯೂ ಇದೆ, ಆದರೆ ಅದರ ಫಲ ತದ್ವಿರುದ್ಧ. ನಮ್ಮ ಊರುಗಳಲ್ಲಿರುವಂಥ ಒಂದು ಸರ್ಕಲ್ಲನ್ನು ನೆನೆಯಿರಿ. ಎಡಗಡೆ ಓಡಿಸುವ ನಾಡಿನಲ್ಲಿ, ಸರ್ಕಲ್ಲಿನ ಬಾಯಲ್ಲಿ ನಿಂತವನಿಗೆ ಬಲಗಡೆಯಿಂದ ಬರುವವನು ಆಗಲೇ ಒಳಗೆ ಸುತ್ತುತ್ತಿರುವವನು. ಅವನಿಗೆ ದಾರಿ ಬಿಟ್ಟರೆ ಒಳಗಿನವರು ಹೊರಟುಹೋಗುತ್ತಾರೆ, ಸರ್ಕಲ್ಲು ತೆರವಾಗುತ್ತದೆ. ಬಲಗಡೆ ಓಡಿಸುವ ನಾಡಿನಲ್ಲಿ ಸುತ್ತುವ ದಿಕ್ಕೇ ತಿರುಗುಮುರುಗು. ಅಲ್ಲಿ ಒಳಗಿರುವವನಿಗೆ ಬಲಗಡೆಯಿಂದ ಬರುವವನು ಹೊಸದಾಗಿ ನುಗ್ಗುವವನು! ಅವನಿಗೆ ದಾರಿ ಬಿಡುತ್ತ ಹೋದರೆ ಬರುವವರು ಬರುತ್ತಲೇ ಇರುತ್ತಾರೆ. ಒಳಗಿನವರು ಒಳಗೇ ಸಿಕ್ಕಿಬೀಳುತ್ತಾರೆ. ಇಂಗ್ಲೆಂಡು 1966ರಲ್ಲಿ ಸುತ್ತುವವರಿಗೇ ಮೊದಲ ಹಕ್ಕೆಂದು ನಿಶ್ಚಯಿಸಿತು. ಫ್ರಾನ್ಸು ತನ್ನ ಹಳೆಯ ವಾಕ್ಯವನ್ನು ಅನೇಕ ಸರ್ಕಲ್ಲುಗಳಲ್ಲಿ ಕೈಬಿಟ್ಟು ಇದೇ ಕ್ರಮಕ್ಕೆ ಬಂದದ್ದು 1984ರಲ್ಲಿ. ಆದರೂ ಪ್ಯಾರಿಸ್ಸಿನ ವಿಜಯಕಮಾನಿನ ಸುತ್ತ, ಹನ್ನೆರಡು ಬೀದಿಗಳು ಕೂಡುವಲ್ಲಿ, ಇಂದಿಗೂ ನುಗ್ಗುವವನಿಗೇ ಮೊದಲ ಮರ್ಯಾದೆ. ನಾನು ಅರ್ಧ ಗಂಟೆ ನಿಂತು ಆ ಜಾತ್ರೆಯನ್ನು ನೋಡಿದೆ.

ಕನ್ನಡ ಕಲಿಸುವ ನನಗೆ ಇದು ಅಪರಿಚಿತ ತೊಡಕೇನಲ್ಲ. ‘ಉಪನ್ಯಾಸ’ವೆಂದರೆ ಕನ್ನಡದಲ್ಲಿ ಭಾಷಣ, ಹಿಂದಿಯಲ್ಲಿ ಕಾದಂಬರಿ. ‘ಶಿಕ್ಷೆ’ ನಮ್ಮಲ್ಲಿ ದಂಡನೆ, ಅವರಲ್ಲಿ ವಿದ್ಯೆ. ಪದ ಒಂದೇ, ಗಡಿ ದಾಟಿದೊಡನೆ ಅರ್ಥ ಮಗ್ಗುಲು ಬದಲಿಸುತ್ತದೆ. ರಸ್ತೆಯ ಸನ್ನೆಗಳೂ ಹಾಗೆಯೇ. ಎದುರಿನ ಕಾರು ದೀಪ ಮಿನುಗಿಸಿದರೆ ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ‘ನೀವು ಮೊದಲು ಹೋಗಿ’ ಎಂದರ್ಥ. ಇದು ಕಾನೂನಿನಲ್ಲಿಲ್ಲ, ರೂಢಿಯಲ್ಲಿದೆ. ಫ್ರಾನ್ಸಿನಲ್ಲಿ ಅದೇ ಮಿನುಗಿಗೆ ‘ನಾನು ಬರುತ್ತಿದ್ದೇನೆ, ಸರಿ’ ಎಂದರ್ಥ. ನಮ್ಮ ಹೆದ್ದಾರಿಯ ಲಾರಿಗಳು ಯಾವ ಭಾಷೆಯಲ್ಲಿ ಮಾತಾಡುತ್ತವೆ ಎಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಎಡಗಡೆಯನ್ನು ಆಂಗ್ಲರಿಂದ ಕಲಿತೆವು, ‘ನೀವು ಮೊದಲು’ ಎಂಬುದನ್ನು ಕಲಿಯಲಿಲ್ಲ.

ಹಾಗಾದರೆ ಅಭ್ಯಾಸವನ್ನು ಬದಲಿಸಲು ಸಾಧ್ಯವೇ ಇಲ್ಲವೆ? ಸ್ವೀಡನ್ನಿನ ಉದಾಹರಣೆ ಇದೆ. ಅಕ್ಕಪಕ್ಕದ ನಾರ್ವೆ, ಫಿನ್ಲೆಂಡುಗಳು ಬಲಗಡೆ ನಡೆಯುತ್ತಿದ್ದರೂ ಆ ದೇಶ ಎಡಕ್ಕೇ ಅಂಟಿಕೊಂಡಿತ್ತು. 1955ರಲ್ಲಿ ಜನಮತ ಕೇಳಿದರೆ ನೂರಕ್ಕೆ 83 ಮಂದಿ ಬದಲಾವಣೆ ಬೇಡವೆಂದರು. ಆದರೂ ಸಂಸತ್ತು 1963ರಲ್ಲಿ ಬದಲಾವಣೆಗೆ ಒಪ್ಪಿತು. 1967ರ ಸೆಪ್ಟೆಂಬರ್ 3ರ ಮುಂಜಾನೆ ಐದು ಗಂಟೆಗೆ ಇಡೀ ದೇಶ ಬಲಕ್ಕೆ ಸರಿಯಿತು. ಎಲ್ಲರೂ ಎಣಿಸಿದ್ದ ಅನಾಹುತ ಆಗಲಿಲ್ಲ. ಬದಲಾಗಿ ಮೊದಲ ತಿಂಗಳುಗಳಲ್ಲಿ ಅಪಘಾತಗಳು ಕಡಮೆಯಾದವು. ಹೊಸ ದಾರಿಯಲ್ಲಿ ಯಾರಿಗೂ ತಮ್ಮ ಮೇಲೆ ಭರವಸೆಯಿರಲಿಲ್ಲ, ಆದ್ದರಿಂದ ಪ್ರತಿಯೊಬ್ಬರೂ ಇನ್ನೊಬ್ಬರನ್ನು ನೋಡಿ ನಡೆದರು. ಎರಡು ವರ್ಷಗಳೊಳಗೆ ಅಭ್ಯಾಸ ಕುದುರಿತು, ಅಪಘಾತಗಳೂ ಹಿಂದಿನ ಮಟ್ಟಕ್ಕೆ ಬಂದವು.

ಹಾಗಾಗಿ ಎಡ ಮೇಲೋ ಬಲ ಮೇಲೋ ಎಂದು ನನ್ನನ್ನು ಕೇಳಿದರೆ ಉತ್ತರವಿಲ್ಲ. ಎಲ್ಲರೂ ಒಪ್ಪಿದ ಯಾವುದಾದರೂ ಸರಿಯೆ. ಆದರೆ ಒಪ್ಪಂದ ನಮ್ಮನ್ನು ಕಾಯುವುದು ಅದನ್ನು ತಿಳಿದವರ ನಡುವೆ ಮಾತ್ರ. ತಿಳಿಯದವನು, ಮಗು, ಮುದುಕ, ಪರಸ್ಥಳದವನು ರಸ್ತೆಗಿಳಿದಾಗ ಅವನನ್ನು ಕಾಯುವುದು ನಿಯಮವಲ್ಲ, ಪಕ್ಕದಲ್ಲಿ ನಿಂತವರು. ಆ ಮುದುಕಿ ಯಾವ ಕಾಯಿದೆಯನ್ನೂ ನೆನೆಯಲಿಲ್ಲ, ತೋಳು ಹಿಡಿದು ಎಳೆದಳು.

ಈಗ ನಮ್ಮ ಕಾಲೇಜಿನ ಮುಂದೆ ರಸ್ತೆ ದಾಟುವಾಗ ನಾನು ಬಲಕ್ಕೂ ನೋಡುತ್ತೇನೆ, ಎಡಕ್ಕೂ ನೋಡುತ್ತೇನೆ; ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಒಮ್ಮೆ ಕಣ್ಣಾಡಿಸುತ್ತೇನೆ. ವಿದ್ಯಾರ್ಥಿಗಳು ನನ್ನನ್ನು ಪುಕ್ಕಲನೆಂದು ನಗುತ್ತಾರೆ. ನಗಲಿ.