ಆನ್‌ಲೈನ್ ಗಿಟಾರ್ ಕ್ಲಾಸ್: ಹೊಸ ಮೈಕ್ ಕೊಳ್ಳುವ ಮೊದಲು ಫೋನ್ ಸೆಟ್ಟಿಂಗ್ ನೋಡಿ

ಗಿಟಾರ್ ಈಗ ತಾಲ್ಲೂಕು ಊರಲ್ಲೂ ಸಿಗುತ್ತದೆ. ಕಲಿಸುವ ಮೇಷ್ಟ್ರು ಮಾತ್ರ ಹೆಚ್ಚಾಗಿ ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಲ್ಲೇ. ಹಾಗಾಗಿ ಮಕ್ಕಳು ಮೊಬೈಲ್ ಮುಂದೆ ಕೂತು ಆನ್‌ಲೈನ್ ಕ್ಲಾಸ್ ಸೇರ್ತಾರೆ. ವಾರ ಕಳೆಯುವಷ್ಟರಲ್ಲಿ ಆ ಕಡೆಯಿಂದ ದೂರು ಬರುತ್ತೆ: ‘ನೀನು ಮಾತಾಡಿದ್ದು ಚೆನ್ನಾಗಿ ಕೇಳ್ತಿದೆ, ಬಾರಿಸಿದ್ದು ತುಂಡು ತುಂಡಾಗಿ ಬರ್ತಿದೆ.’ ಮನೆಯವರು ಮೈಕ್ ಕೆಟ್ಟಿದೆ ಅಂತ ಅಂಗಡಿಗೆ ಓಡ್ತಾರೆ. ಬಹಳ ಸಲ ಮೈಕ್‌ನಲ್ಲಿ ತಪ್ಪೇ ಇರೋದಿಲ್ಲ.

ಇದು ಬರೀ ಕಿರಿಕಿರಿಯ ವಿಷಯವೂ ಅಲ್ಲ. ತಂತಿ ಸರಿಯಾಗಿ ಒತ್ತದೆ ‘ಜರ್‌’ ಅಂದದ್ದು, ಶ್ರುತಿ ಸ್ವಲ್ಪ ಇಳಿದದ್ದು ಮೇಷ್ಟ್ರ ಕಿವಿಗೆ ಬೀಳದಿದ್ದರೆ ತಿದ್ದೋರು ಯಾರು? ತಿಂಗಳ ಫೀಸು ಹೋಗುತ್ತೆ, ತಪ್ಪು ಅಭ್ಯಾಸ ಬೆರಳಲ್ಲಿ ಉಳಿಯುತ್ತೆ.

ಶಬ್ದ ಯಾಕೆ ಕತ್ತರಿಸುತ್ತದೆ?

ವಿಡಿಯೋ ಕಾಲ್ ಆ್ಯಪ್‌ಗಳನ್ನು ಮಾಡಿರೋದು ಮಾತಿಗೆ. ಮಾತು ಬಿಟ್ಟು ಒಂದೇ ಸಮನೆ ಬರುವ ಫ್ಯಾನ್, ಮಿಕ್ಸಿ ಸದ್ದನ್ನು ಅವು ತಾವಾಗಿಯೇ ಅಳಿಸುತ್ತವೆ. ಗಿಟಾರ್‌ನ ತಂತಿ ಮೀಟಿದರೆ ಸ್ವರ ಹಲವು ಸೆಕೆಂಡ್ ಎಳೆಯುತ್ತದಲ್ಲ, ಆ್ಯಪ್‌ಗೆ ಅದೂ ಫ್ಯಾನ್ ಸದ್ದಿನ ಹಾಗೇ ಕಾಣುತ್ತೆ. ಮೊದಲ ಏಟು ಕಳಿಸಿ ಉಳಿದದ್ದನ್ನು ನುಂಗಿಬಿಡುತ್ತದೆ. ಎಷ್ಟು ದುಡ್ಡಿನ ಮೈಕ್ ತಂದರೂ ಇದು ತಪ್ಪಲ್ಲ.

ಝೂಮ್‌ನಲ್ಲಿ ಇದಕ್ಕೆ ದಾರಿ ಇದೆ. ಕಂಪ್ಯೂಟರ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಆಡಿಯೋ ವಿಭಾಗದಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆರಿಸಬೇಕು. ಅದರ ಕೆಳಗೇ ‘ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್’ ಇದೆ, ಅದನ್ನೂ ಟಿಕ್ ಮಾಡಿ. ಇಷ್ಟಕ್ಕೇ ನಿಲ್ಲಿಸೋರು ಬಹಳ. ಕ್ಲಾಸ್ ಶುರುವಾದ ಮೇಲೆ ಪರದೆಯ ಮೇಲ್ಭಾಗದಲ್ಲಿ ಅದೇ ಹೆಸರಿನ ಬಟನ್ ಬರುತ್ತೆ, ಅದು ‘ಆನ್’ ಆಗಿದೆಯಾ ನೋಡಬೇಕು. ಮೊಬೈಲ್ ಝೂಮ್‌ನಲ್ಲೂ ಒರಿಜಿನಲ್ ಸೌಂಡ್ ಆಯ್ಕೆ ಇದೆ. ಗೂಗಲ್ ಮೀಟ್‌ನಲ್ಲಿ ‘ನಾಯ್ಸ್ ಕ್ಯಾನ್ಸಲೇಶನ್’ ಕಂಡರೆ ಆಫ್ ಮಾಡಿ. ‘ಎಕೋ ಕ್ಯಾನ್ಸಲೇಶನ್’ ತೆಗೆಯೋದಾದರೆ ಮಾತ್ರ ಕಿವಿಗೆ ಇಯರ್‌ಫೋನ್ ಇರಲೇಬೇಕು. ಇಲ್ಲದಿದ್ದರೆ ಮೇಷ್ಟ್ರಿಗೆ ತಮ್ಮ ದನಿಯೇ ತಿರುಗಿ ಕೇಳಿಸುತ್ತೆ.

ಇಯರ್‌ಫೋನ್‌ನಲ್ಲೊಂದು ಮರ್ಮ

ಬ್ಲೂಟೂತ್ ಬೇಡ. ಶಬ್ದ ಕಿವಿಗೆ ಬರೋದು ತಡವಾಗುತ್ತೆ, ತಾಳಕ್ಕೆ ಕೈ ಕೂರಲ್ಲ. ವೈರ್ ಇರುವುದೇ ಸರಿ. ಆದರೆ ಮೈಕ್ ಇರುವ ವೈರ್ ಇಯರ್‌ಫೋನ್ ಚುಚ್ಚಿದ ಕೂಡಲೇ ಫೋನ್ ತನ್ನ ಮೈಕ್ ಬಿಟ್ಟು ಆ ವೈರಿನ ಮೈಕ್ ಹಿಡಿಯುತ್ತದೆ. ಅದು ಎದೆ ಮೇಲೆ ತೂಗಾಡ್ತಾ ಅಂಗಿಗೆ ಉಜ್ಜುತ್ತಿರುತ್ತದೆ. ಮೈಕ್ ಇಲ್ಲದ, ಬರೀ ಕೇಳುವ ಇಯರ್‌ಫೋನ್ ಹಾಕಿದರೆ ಫೋನಿನ ಮೈಕೇ ಕೆಲಸ ಮಾಡುತ್ತೆ. ಗಿಟಾರ್‌ಗೆ ಅದೇ ವಾಸಿ.

ಅಂಗಡಿಯವರಿಗೂ ಇಲ್ಲೊಂದು ವಿಷಯ. 3.5 ಎಂಎಂ ಪಿನ್‌ನಲ್ಲಿ ಎರಡು ಕಪ್ಪು ಗೆರೆ ಇದ್ದರೆ ಬರೀ ಕೇಳೋಕೆ, ಇಲ್ಲವೇ ಕ್ಯಾಮೆರಾಕ್ಕೆ ಹಾಕುವ ಮೈಕ್. ಮೂರು ಗೆರೆ ಇದ್ದರೆ ಫೋನ್‌ಗೆ ಹೊಂದುವ ಮೈಕ್. ಎರಡು ಗೆರೆಯ ಕಾಲರ್ ಮೈಕ್ ನೇರವಾಗಿ ಫೋನ್‌ಗೆ ಚುಚ್ಚಿದರೆ ಕೆಲಸ ಮಾಡಲ್ಲ. ‘ಪೀಸ್ ಡೆಡ್’ ಅಂತ ವಾಪಸ್ ಬರುವ ಮೈಕ್‌ನ ಪಿನ್ ಒಮ್ಮೆ ನೋಡಿ.

ಫೋನ್ ಎಲ್ಲಿಡಬೇಕು ಅನ್ನೋದಕ್ಕೂ ಲೆಕ್ಕ ಇದೆ. ಹೆಚ್ಚಿನ ಫೋನ್‌ಗಳಲ್ಲಿ ಮೈಕ್ ಕೆಳಗಿನ ಅಂಚಿನಲ್ಲಿರುತ್ತೆ, ಸ್ಟ್ಯಾಂಡಿನ ಕ್ಲಿಪ್ ಅದನ್ನು ಮುಚ್ಚಬಾರದು. ಅಕೂಸ್ಟಿಕ್ ಗಿಟಾರ್‌ನ ದುಂಡು ರಂಧ್ರಕ್ಕೆ ನೇರ ಹಿಡಿದರೆ ಶಬ್ದ ಗುಂಯ್‌ಗುಡುತ್ತೆ. ಹಿಡಿ ಮೈಕಟ್ಟಿಗೆ ಸೇರುವ ಕಡೆಗೆ, 12ನೇ ಫ್ರೆಟ್‌ನ ಆಸುಪಾಸಿಗೆ ಮುಖ ಮಾಡಿ, ಒಂದು ಒಂದೂವರೆ ಅಡಿ ದೂರ ಇಟ್ಟರೆ ಚೆನ್ನ. ಸಿಮೆಂಟ್ ಗೋಡೆಯ ಖಾಲಿ ಕೋಣೆ ಪ್ರತಿಧ್ವನಿಸಿದರೆ ಬೆನ್ನ ಹಿಂದೆ ಒಂದು ಕೌದಿ ನೇತುಹಾಕಿ. ಮಳೆಗಾಲದಲ್ಲಿ ತಗಡಿನ ಮನೆಯೋರು ಕ್ಲಾಸಿನ ಹೊತ್ತನ್ನೇ ಬದಲಾಯಿಸಿಕೊಳ್ಳಬೇಕಷ್ಟೆ.

ಎಲೆಕ್ಟ್ರಿಕ್ ಗಿಟಾರ್ ಆದರೆ

ಆಗ ಆಡಿಯೋ ಇಂಟರ್‌ಫೇಸ್ ಅನ್ನೋ ಪುಟ್ಟ ಡಬ್ಬಿ ಬೇಕಾಗುತ್ತೆ. ಬೆಹ್ರಿಂಗರ್ ಯುಎಂ2, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಇಂಥವು ಹೊಸಬರಿಗೆ ಸಾಕು. ಗಿಟಾರ್ ಕೇಬಲ್ಲನ್ನು ‘ಇನ್‌ಸ್ಟ್ರುಮೆಂಟ್’ ಕಿಂಡಿಗೇ ಹಾಕಿ. ‘ಇನ್‌ಸ್ಟ್’ ಗುಂಡಿ ಇದ್ದರೆ ಒತ್ತಿ. 48 ವೋಲ್ಟ್ ಗುಂಡಿ ಕಂಡೆನ್ಸರ್ ಮೈಕ್‌ಗೆ, ಗಿಟಾರ್‌ಗೆ ಅದರ ಕೆಲಸವಿಲ್ಲ. ಜೋರಾಗಿ ಬಾರಿಸಿದಾಗ ಕೆಂಪು ದೀಪ ಹತ್ತಿದರೆ ಗೇನ್ ಇಳಿಸಿ. ಝೂಮ್‌ನಲ್ಲಿ ಮೈಕ್ ಪಟ್ಟಿಯಿಂದ ಈ ಡಬ್ಬಿಯ ಹೆಸರನ್ನೇ ಆರಿಸಬೇಕು, ಇಲ್ಲಾಂದ್ರೆ ಲ್ಯಾಪ್‌ಟಾಪ್ ಮೈಕೇ ಓಡ್ತಿರುತ್ತೆ. ಫೋನ್‌ಗೆ ಒಟಿಜಿಯಲ್ಲಿ ಜೋಡಿಸುವವರು ಕೊಳ್ಳುವ ಮೊದಲೇ ತಮ್ಮ ಫೋನ್ ಒಯ್ದು ಹಾಕಿ ನೋಡಲಿ. ಡಬ್ಬಿ ಕರೆಂಟನ್ನೂ ಫೋನಿಂದಲೇ ಎಳೆಯುತ್ತೆ, ಎಲ್ಲ ಫೋನೂ ತಡೆಯಲ್ಲ.

‘ಹೂಂ’ ಅನ್ನೋ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ತಪ್ಪು ಗಿಟಾರ್‌ನದ್ದಲ್ಲ, ಚಾರ್ಜರ್ ಇಲ್ಲವೇ ಮನೆಯ ಅರ್ಥಿಂಗ್‌ನದ್ದು. ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಕೈಲೇ ನೋಡಿಸಬೇಕು, ಬರೀ ಕ್ಲಾಸಿಗಾಗಿ ಅಲ್ಲ.

ಇಷ್ಟೆಲ್ಲ ಮಾಡಿದರೂ ಮೇಷ್ಟ್ರ ಜೊತೆ ಒಟ್ಟಿಗೆ ಬಾರಿಸೋಕೆ ಆಗಲ್ಲ. ಶಬ್ದ ಹೋಗಿ ಬರೋ ಅಷ್ಟರಲ್ಲಿ ತಾಳ ತಪ್ಪಿರುತ್ತೆ. ಅವರು ಬಾರಿಸಿ ನಿಲ್ಲಿಸಬೇಕು, ಆಮೇಲೆ ಇವರು. ನೆಟ್ ಕುಂಟಿದರೆ ವಿಡಿಯೋ ಆಫ್ ಮಾಡಿದರೆ ಶಬ್ದಕ್ಕೆ ಜಾಗ ಸಿಗುತ್ತೆ. ಪಾಠವನ್ನು ಫೋನಲ್ಲೇ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಗುಣಮಟ್ಟ ಕೆಡಲ್ಲ. ಕರೆಂಟ್ ಹೋಗೋ ಊರಲ್ಲಿ ರೂಟರ್‌ಗೊಂದು ಮಿನಿ ಯುಪಿಎಸ್ ಇರಲಿ. ಕೊಳ್ಳುವಾಗ ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದೆಯಾ, 9 ಅಂತ ಇದೆಯಾ ಫೋಟೋ ತೆಗೆದುಕೊಂಡು ಹೋಗಿ.