ವಿದೇಶದಿಂದ ಹೂವು ತರಬಹುದೇ? '2 ಕೆ.ಜಿ. ನಿಯಮ'ದ ಅಸಲಿಯತ್ತು ಇಲ್ಲಿದೆ

'ವಿದೇಶದಿಂದ ಬರುವಾಗ 2 ಕೆ.ಜಿ.ವರೆಗೆ ಹೂವು ತರಬಹುದು, ಯಾರೂ ಕೇಳುವಂತಿಲ್ಲ' ಎನ್ನುವವರಿದ್ದಾರೆ. 'ಒಂದು ಹೂವು ತಂದರೂ ದಂಡ ಗ್ಯಾರಂಟಿ' ಎಂದು ಹೆದರಿಸುವವರೂ ಇದ್ದಾರೆ. ಎರಡೂ ಪೂರ್ತಿ ನಿಜವಲ್ಲ.

ನಿಯಮ ಏನು ಹೇಳುತ್ತದೆ?

ಭಾರತಕ್ಕೆ ಬರುವ ಗಿಡ, ಬೀಜ, ಹಣ್ಣು, ಹೂವುಗಳಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯಿಸುತ್ತದೆ. ಇದರ ಪ್ರಕಾರ ಸಾಮಾನ್ಯವಾಗಿ ಎರಡು ಕಾಗದ ಬೇಕು. ಒಂದು, ನಮ್ಮ ಸರ್ಕಾರದ ಆಮದು ಪರವಾನಗಿ. ಇನ್ನೊಂದು, ಸರಕಿನಲ್ಲಿ ಕೀಟ, ರೋಗ ಇಲ್ಲವೆಂದು ಕಳಿಸುವ ದೇಶ ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರ.

ಸ್ವಂತ ಬಳಕೆಗೆ ತರುವ, 2 ಕೆ.ಜಿ.ಗಿಂತ ಕಡಿಮೆ ತೂಕದ ಬಿಡಿ ಹೂವು, ಹಾರ, ಬೊಕೆ, ಹಣ್ಣು ಮತ್ತು ತರಕಾರಿಗೆ ಈ ಎರಡೂ ಕಾಗದ ಬೇಕಿಲ್ಲ. ಅಂದರೆ ಬ್ಯಾಂಕಾಕ್‌ನಿಂದ ಬರುವಾಗ ಮನೆಗೊಂದು ಆರ್ಕಿಡ್ ಬೊಕೆ ತರುವುದು ಅಪರಾಧವಲ್ಲ.

ಹಾಗಾದರೆ ತಪ್ಪು ಎಲ್ಲಿ?

ವಿನಾಯಿತಿ ಇರುವುದು ಕಾಗದಕ್ಕೆ, ತಪಾಸಣೆಗೆ ಅಲ್ಲ. ಕಸ್ಟಮ್ಸ್ ಘೋಷಣಾ ಪತ್ರದಲ್ಲಿ ಬೀಜ, ಹಣ್ಣು, ಹೂವು ಇದೆಯೇ ಎಂಬ ಪ್ರಶ್ನೆ ಇರುತ್ತದೆ. ಹೂವಿದ್ದರೆ 'ಹೌದು' ಎಂದೇ ಬರೆಯಬೇಕು. ಕೀಟ ಕಂಡರೆ ಅಧಿಕಾರಿಗಳು ಅದನ್ನು ವಶಪಡಿಸಿಕೊಳ್ಳಬಹುದು.

ಬೇರಿರುವ ಗಿಡ, ಗೆಡ್ಡೆ, ನೆಡುವ ಕಡ್ಡಿ, ಬೀಜ ಇವು 'ಹೂವು' ಎಂಬ ಲೆಕ್ಕಕ್ಕೆ ಬರುವುದಿಲ್ಲ. ಗಿಡದ ಜೊತೆ ಮಣ್ಣು ತರುವಂತೆಯೇ ಇಲ್ಲ.

ನಾಲ್ಕು ಹೂವಿಗೆ ಇಷ್ಟೆಲ್ಲ ಯಾಕೆ?

ಹೂವಿನ ಎಸಳಿನ ಸಂದಿಯಲ್ಲಿ ಅಡಗುವ ಥ್ರಿಪ್ಸ್ ನುಸಿಯ ಉದ್ದ ಒಂದೆರಡು ಮಿಲಿಮೀಟರ್ ಅಷ್ಟೇ. ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಹೊರಗಿನ ಒಂದು ಕೀಟ ಬಂದು ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ರೈತರು ಕಂಡಿದ್ದಾರೆ. ಮೆಕ್ಸಿಕೊ ಕಡೆಯ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಆಮೇಲೆ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿ, ಹಿಪ್ಪುನೇರಳೆ ಬೆಳೆಗಳನ್ನು ಹಾಳು ಮಾಡಿತು. ಇಲ್ಲಿ ಅದನ್ನು ಹದ್ದುಬಸ್ತಿನಲ್ಲಿಡುವ ಶತ್ರುಕೀಟ ಇರಲಿಲ್ಲ. ಕೊನೆಗೆ 2010ರಲ್ಲಿ ಪೋರ್ಟೊ ರಿಕೊದಿಂದ ಪುಟ್ಟ ಪರಾವಲಂಬಿ ಕಣಜ ತರಿಸಿ ಬಿಟ್ಟ ಮೇಲೆಯೇ ಅದು ಹತೋಟಿಗೆ ಬಂದಿದ್ದು.

ಇಲ್ಲಿಂದ ಒಯ್ಯುವಾಗ?

ನಮ್ಮ 2 ಕೆ.ಜಿ. ವಿನಾಯಿತಿ ಭಾರತಕ್ಕೆ ತರುವಾಗ ಮಾತ್ರ. ಬೇರೆ ದೇಶಕ್ಕೆ ಹೋದರೆ ಅಲ್ಲಿನ ನಿಯಮವೇ ನಡೆಯುವುದು. ಅಮೆರಿಕದಲ್ಲಿರುವ ಮಗಳಿಗೆ ಮಲ್ಲಿಗೆ ದಂಡೆ ಒಯ್ಯುವವರು ಅಲ್ಲಿ ಇಳಿದಾಗ ಘೋಷಿಸಬೇಕು. ಬಿಡುವುದೋ ಬೇಡವೋ ಎಂದು ಪರೀಕ್ಷಿಸಿ ತೀರ್ಮಾನಿಸುವುದು ಅಲ್ಲಿನ ಅಧಿಕಾರಿಗಳು.

ಆದರೆ ಅದೇ ಬ್ಯಾಗಿನಲ್ಲಿ ಹಸಿ ಕರಿಬೇವು ಇಡಬೇಡಿ, ಅದನ್ನು ಬಿಡುವುದಿಲ್ಲ. ಕಿತ್ತಳೆ, ನಿಂಬೆ ಗಿಡಗಳಿಗೆ 'ಗ್ರೀನಿಂಗ್' ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. 2005ರಲ್ಲಿ ಫ್ಲೋರಿಡಾದಲ್ಲಿ ಪತ್ತೆಯಾದ ಈ ರೋಗ ಅಲ್ಲಿನ ಕಿತ್ತಳೆ ತೋಟಗಳಿಗೆ ದೊಡ್ಡ ಹೊಡೆತ ಕೊಟ್ಟಿದೆ.

ನೆನಪಿಡಿ

• ಕೇಳಿದರೆ ಮುಚ್ಚಿಡಬೇಡಿ. ಘೋಷಿಸಿದರೆ ಹೆಚ್ಚೆಂದರೆ ಹೂವು ಹೋಗುತ್ತದೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡವೂ ಬೀಳಬಹುದು.
• ಬೇರು, ಮಣ್ಣು, ಬೀಜ ಬೇಡ.
• ಹೊರಡುವ ಮುನ್ನ, ಇಳಿಯುವ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ. ಗ್ರೂಪಿನಲ್ಲಿ ಬಂದ ಮೆಸೇಜನ್ನು ಕಸ್ಟಮ್ಸ್ ಅಧಿಕಾರಿ ಒಪ್ಪುವುದಿಲ್ಲ.